ಮಂಗಳೂರಿನ ಮಧ್ಯಾಹ್ನ ಮತ್ತು ಕಾಲಯಾನ

ಮಂಗಳೂರಿನಲ್ಲಿ ಮಧ್ಯಾಹ್ನ ಆಗುವುದು ಎಷ್ಟು ಗಂಟೆಗೆ? ಪ್ರಶ್ನೆ ಬಾಲಿಶವೆನಿಸಬಹುದು. ‘ಹನ್ನೆರಡು ಗಂಟೆಗೆ’ ಎಂದು ಪ್ರಾಥಮಿಕ ಶಾಲೆಯ ಮಗುವೂ ಹೇಳುತ್ತದೆ. ಆದರೆ ಶಾಲೆಯ ಅಂಗಳದಲ್ಲಿ ಒಂದು ಕೋಲನ್ನು ನೆಟ್ಟಗೆ ನಿಲ್ಲಿಸಿ, ಅದರ ನೆರಳು ಅತ್ಯಂತ ಗಿಡ್ಡವಾಗುವ ಕ್ಷಣವನ್ನು ಗಡಿಯಾರದಲ್ಲಿ ಗುರುತು ಹಾಕಿಕೊಂಡರೆ ಬೇರೆಯೇ ಉತ್ತರ ದೊರೆಯುತ್ತದೆ. ಫೆಬ್ರವರಿ ನಡುವಿನಲ್ಲಿ ಅದು ಸುಮಾರು 12 ಗಂಟೆ 45 ನಿಮಿಷ. ನವೆಂಬರ್ ಆರಂಭದಲ್ಲಿ ಸುಮಾರು 12 ಗಂಟೆ 14 ನಿಮಿಷ. ವರ್ಷದ ಯಾವ ದಿನವೂ ಮಂಗಳೂರಿನ ಸೂರ್ಯ ಗಡಿಯಾರದ ಹನ್ನೆರಡಕ್ಕೆ ಸರಿಯಾಗಿ ನಡುನೆತ್ತಿಯ ಗೆರೆಯನ್ನು ದಾಟುವುದಿಲ್ಲ.

ಇಲ್ಲಿ ತಪ್ಪು ಯಾರದು, ಸೂರ್ಯನದೋ ಗಡಿಯಾರದ್ದೋ? ಈ ಸಣ್ಣ ಪ್ರಶ್ನೆಯ ಬೆನ್ನು ಹತ್ತಿದರೆ ನಾವು ಗಳಿಗೆ ಬಟ್ಟಲಿನಿಂದ ಹೊರಟು, ಮದ್ರಾಸಿನ ವೀಕ್ಷಣಾಲಯ, ಕೋಲಾರದ ಗಣಿ, ಬ್ಯಾಲಾಳಿನ ಆಂಟೆನಾಗಳನ್ನು ಹಾದು, ಕೊನೆಗೆ ಕಾಲಯಾನದ ಬಾಗಿಲಲ್ಲಿ ನಿಲ್ಲುತ್ತೇವೆ. ಚಲನಚಿತ್ರಗಳಿಂದಾಗಿ ವಿದ್ಯಾರ್ಥಿಗಳು ಇಂದು ಹೆಚ್ಚಾಗಿ ಕೇಳುವ ಪ್ರಶ್ನೆಗಳಲ್ಲಿ ‘ಕಾಲದಲ್ಲಿ ಹಿಂದೆ ಮುಂದೆ ಹೋಗಲು ಸಾಧ್ಯವೇ?’ ಎಂಬುದೂ ಒಂದು. ಅದನ್ನು ನಕ್ಕು ತಳ್ಳಿಹಾಕುವ ಅಗತ್ಯವಿಲ್ಲ. ಆದರೆ ಉತ್ತರಿಸುವ ಮೊದಲು ಕಾಲವನ್ನು ನಾವು ಅಳೆಯುತ್ತಾ ಬಂದ ಬಗೆಯನ್ನು ತಿಳಿಯಬೇಕು.

ಊರಿಗೊಂದು ಕಾಲ

ಯಂತ್ರ ಗಡಿಯಾರ ಬರುವ ಮೊದಲು ನಮ್ಮಲ್ಲಿ ಹೊತ್ತಿನ ಅಳತೆ ಗಳಿಗೆ. ತಳದಲ್ಲಿ ಸಣ್ಣ ತೂತಿರುವ ಲೋಹದ ಬಟ್ಟಲನ್ನು ನೀರಿನ ಪಾತ್ರೆಯಲ್ಲಿ ತೇಲಿಬಿಡುತ್ತಿದ್ದರು. ತೂತಿನಿಂದ ನೀರು ತುಂಬಿ ಬಟ್ಟಲು ಮುಳುಗಿದರೆ ಒಂದು ಗಳಿಗೆ, ಅಂದರೆ 24 ನಿಮಿಷ. ಅಂತಹ 60 ಗಳಿಗೆಗಳಿಗೆ ಒಂದು ದಿನ. ಒಂದು ಗಳಿಗೆಗೆ 60 ವಿಗಳಿಗೆ. ಲೆಕ್ಕ ಆರಂಭವಾಗುತ್ತಿದ್ದುದು ಆಯಾ ಊರಿನ ಸೂರ್ಯೋದಯದಿಂದ. ಹೀಗಾಗಿ ಪ್ರತಿಯೊಂದು ಊರಿಗೂ ತನ್ನದೇ ಆದ ಕಾಲವಿತ್ತು, ಅದರಿಂದ ಯಾರಿಗೂ ತೊಂದರೆಯೂ ಇರಲಿಲ್ಲ.

ಈ ಭೇದ ನಮ್ಮ ಖಗೋಳಜ್ಞರಿಗೆ ಚೆನ್ನಾಗಿ ತಿಳಿದಿತ್ತು. ಲಂಕೆಯಲ್ಲಿ ಸೂರ್ಯೋದಯವಾದಾಗ ಯವಕೋಟಿಯಲ್ಲಿ ನಡುಹಗಲು, ಸಿದ್ಧಪುರದಲ್ಲಿ ಸೂರ್ಯಾಸ್ತ, ರೋಮಕದಲ್ಲಿ ನಡುರಾತ್ರಿ ಎಂದು ಆರ್ಯಭಟ ಕ್ರಿ.ಶ. 499ರ ಸುಮಾರಿಗೇ ಹೇಳಿದ್ದಾನೆ. ಭೂಮಿ ಗೋಲವಾಗಿದೆ, ಆದ್ದರಿಂದ ಏಕಕಾಲದಲ್ಲಿ ಬೇರೆ ಬೇರೆ ಕಡೆ ಬೇರೆ ಬೇರೆ ಹೊತ್ತು ಇರುತ್ತದೆ ಎಂಬುದು ಇದರ ತಾತ್ಪರ್ಯ. ಉಜ್ಜಯಿನಿಯ ಮೂಲಕ ಹಾಯುವ ಉತ್ತರ-ದಕ್ಷಿಣ ರೇಖೆಯನ್ನು ಮೂಲರೇಖೆಯಾಗಿ ಇಟ್ಟುಕೊಂಡು, ಅಲ್ಲಿಂದ ತಮ್ಮ ಊರು ಎಷ್ಟು ಪೂರ್ವ ಅಥವಾ ಪಶ್ಚಿಮಕ್ಕಿದೆ ಎಂಬುದಕ್ಕೆ ತಕ್ಕಂತೆ ಲೆಕ್ಕವನ್ನು ತಿದ್ದಿಕೊಳ್ಳುತ್ತಿದ್ದರು. ಈ ತಿದ್ದುಪಡಿಯ ಹೆಸರು ದೇಶಾಂತರ ಸಂಸ್ಕಾರ.

ಒಂದು ಸ್ವಾರಸ್ಯ ಗಮನಿಸಿ. ಉಜ್ಜಯಿನಿಯ ರೇಖಾಂಶ ಸುಮಾರು 75.8 ಡಿಗ್ರಿ ಪೂರ್ವ. ಮಂಗಳೂರಿನದು ಸುಮಾರು 74.85 ಡಿಗ್ರಿ. ಭೂಮಿ 24 ಗಂಟೆಗಳಲ್ಲಿ 360 ಡಿಗ್ರಿ ತಿರುಗುವುದರಿಂದ ಒಂದು ಡಿಗ್ರಿಗೆ 4 ನಿಮಿಷ. ಹಾಗಾಗಿ ಈ ಎರಡು ಊರುಗಳ ಸೂರ್ಯಕಾಲದ ಅಂತರ ನಾಲ್ಕು ನಿಮಿಷಕ್ಕೂ ಕಡಿಮೆ, ಒಂಬತ್ತು ವಿಗಳಿಗೆಯ ಆಸುಪಾಸು. ಆರ್ಯಭಟನ ಪರಂಪರೆಯ ಗಣಿತಜ್ಞನೊಬ್ಬ ಮಂಗಳೂರಿಗೆ ಬಂದಿದ್ದರೆ ಆತ ತನ್ನ ಲೆಕ್ಕವನ್ನು ಹೆಚ್ಚೇನೂ ತಿದ್ದಬೇಕಾಗಿರಲಿಲ್ಲ. ಮಂಗಳೂರು ಭಾರತದ ಹಳೆಯ ‘ಗ್ರೀನ್‌ವಿಚ್’ ರೇಖೆಯ ನೆರೆಮನೆಯಲ್ಲೇ ಇದೆ.

ರೈಲು ತಂದ ಕಾಲ

ಊರಿಗೊಂದು ಕಾಲವೆಂಬ ವ್ಯವಸ್ಥೆ ಮುರಿದುಬಿದ್ದದ್ದು ವೇಗದಿಂದ. ಎತ್ತಿನ ಗಾಡಿಯಲ್ಲಿ ಮದ್ರಾಸಿಗೆ ಹೋಗುವವನಿಗೆ ಇಪ್ಪತ್ತು ನಿಮಿಷಗಳ ವ್ಯತ್ಯಾಸ ಗಮನಕ್ಕೇ ಬಾರದು. ತಂತಿ ಸಂದೇಶ ಮತ್ತು ರೈಲು ಬಂದಾಗ ಅದೇ ವ್ಯತ್ಯಾಸ ಅಪಾಯಕಾರಿಯಾಯಿತು. ಒಂದೇ ಹಳಿಯ ಮೇಲೆ ಎದುರುಬದುರಾಗಿ ಬರುವ ಎರಡು ಗಾಡಿಗಳ ಚಾಲಕರು ಎರಡು ಊರುಗಳ ಕಾಲವನ್ನು ನಂಬಿದರೆ ಏನಾದೀತು, ಊಹಿಸಿ!

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಭಾರತದ ತಂತಿ ಇಲಾಖೆ ಮತ್ತು ರೈಲುಗಳು ಮದ್ರಾಸ್ ಕಾಲವನ್ನು ಅನುಸರಿಸಿದವು. ಈಸ್ಟ್ ಇಂಡಿಯಾ ಕಂಪನಿ 1792ರಲ್ಲಿ ಕಟ್ಟಿದ ಮದ್ರಾಸ್ ವೀಕ್ಷಣಾಲಯ ಅದಕ್ಕೆ ಆಧಾರ. ಇದಲ್ಲದೆ ಮುಂಬಯಿ ಕಾಲ, ಕಲ್ಕತ್ತ ಕಾಲಗಳೂ ಬಳಕೆಯಲ್ಲಿದ್ದವು. 1884ರಲ್ಲಿ ವಾಷಿಂಗ್ಟನ್‌ನಲ್ಲಿ ನಡೆದ ಅಂತರರಾಷ್ಟ್ರೀಯ ಸಮ್ಮೇಳನ ಗ್ರೀನ್‌ವಿಚ್ ರೇಖೆಯನ್ನು ಜಗತ್ತಿನ ಮೂಲರೇಖೆಯಾಗಿ ಒಪ್ಪಿತು. ಅದರ ಮುಂದುವರಿಕೆಯಾಗಿ 1906ರ ಜನವರಿ 1ರಂದು ಗ್ರೀನ್‌ವಿಚ್‌ಗಿಂತ ಐದೂವರೆ ಗಂಟೆ ಮುಂದಿರುವ ಭಾರತೀಯ ಶಿಷ್ಟಕಾಲ ಜಾರಿಗೆ ಬಂತು. ಅದರ ಆಧಾರ 82.5 ಡಿಗ್ರಿ ಪೂರ್ವ ರೇಖಾಂಶ. ಕಲ್ಕತ್ತ 1948ರವರೆಗೆ ಹಾಗೂ ಮುಂಬಯಿ 1955ರವರೆಗೆ ತಮ್ಮ ತಮ್ಮ ಕಾಲವನ್ನು ಸುಲಭವಾಗಿ ಬಿಟ್ಟುಕೊಡಲಿಲ್ಲ. ಗಡಿಯಾರದ ಮುಳ್ಳಿಗೂ ಊರಭಿಮಾನವಿದೆ.

ಮಂಗಳೂರು ಆಗ ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯ ಕೇಂದ್ರ. ಆದರೆ ಇಲ್ಲಿಗೆ ರೈಲು ಬಂದದ್ದು 1907ರಲ್ಲಿ. ಅಷ್ಟರಲ್ಲಿ ಮದ್ರಾಸ್ ಕಾಲ ಹಿಂದೆ ಸರಿದಿತ್ತು. ಆದ್ದರಿಂದ ಮಂಗಳೂರಿನ ರೈಲು ನಿಲ್ದಾಣಕ್ಕೆ ಮೊದಲ ದಿನದಿಂದಲೇ ಶಿಷ್ಟಕಾಲವೇ ಒದಗಿತು. 82.5ರಿಂದ 74.85 ಕಳೆದರೆ 7.65 ಡಿಗ್ರಿ, ಅದನ್ನು 4ರಿಂದ ಗುಣಿಸಿದರೆ ಸುಮಾರು 30.6 ನಿಮಿಷ. ನಮ್ಮ ಮಧ್ಯಾಹ್ನ ಸರಾಸರಿ ಹನ್ನೆರಡೂವರೆಗೆ ಆಗುವ ಗುಟ್ಟು ಇದು. ಇದರ ಎರಡೂ ಬದಿಗೆ ಇನ್ನೂ ಹದಿನೈದು ನಿಮಿಷಗಳಷ್ಟು ಓಲಾಟವಾಗಲು ಕಾರಣ ಭೂಕಕ್ಷೆಯ ದೀರ್ಘವೃತ್ತಾಕಾರ ಮತ್ತು ಭೂಮಿಯ ಅಕ್ಷದ ಓರೆ.

ತಮ್ಮ ಹಿರಿಯ, ಅಣ್ಣ ಕಿರಿಯ

ಎರಡನೆಯ ಮಹಾಯುದ್ಧದ ವೇಳೆ ಇನ್ನೊಂದು ವಿನೋದ ನಡೆಯಿತು. 1942ರ ಸೆಪ್ಟೆಂಬರ್ 1ರಿಂದ 1945ರ ಅಕ್ಟೋಬರ್ 15ರವರೆಗೆ ದೇಶದ ಗಡಿಯಾರಗಳನ್ನು ಒಂದು ಗಂಟೆ ಮುಂದಿಡಲಾಗಿತ್ತು. ಆ ಮೂರು ವರ್ಷ ಮಂಗಳೂರಿನ ಮಧ್ಯಾಹ್ನ ಒಂದೂವರೆ ಗಂಟೆಗೆ! ಬಳಿಕ ಮುಳ್ಳುಗಳನ್ನು ಮತ್ತೆ ಒಂದು ಗಂಟೆ ಹಿಂದಕ್ಕೆ ತಿರುಗಿಸಿದರು.

ಈಗ ಒಂದು ಊಹೆ ಮಾಡೋಣ. ಗಡಿಯಾರ 1 ಗಂಟೆ ತೋರಿಸಿದಾಗ ಅದನ್ನು 12ಕ್ಕೆ ತಿರುಗಿಸಿದರು ಎಂದಿಟ್ಟುಕೊಳ್ಳಿ. ಒಬ್ಬ ತಾಯಿಗೆ 12 ಗಂಟೆ 50 ನಿಮಿಷಕ್ಕೆ ಮೊದಲ ಮಗು ಹುಟ್ಟಿತು. ಇಪ್ಪತ್ತು ನಿಮಿಷ ಕಳೆದು ಅವಳಿಯಲ್ಲಿ ಎರಡನೆಯದು ಹುಟ್ಟಿತು. ಆಗ ಗಡಿಯಾರದಲ್ಲಿ 12 ಗಂಟೆ 10 ನಿಮಿಷ. ಜನನ ದಾಖಲೆಯ ಪ್ರಕಾರ ತಮ್ಮನೇ ಅಣ್ಣನಿಗಿಂತ 40 ನಿಮಿಷ ಹಿರಿಯ. ತಾಯಿಯನ್ನು ಕೇಳಿದರೆ ಆಕೆ ನಗುತ್ತಾಳೆ. ದಾಖಲೆಯಲ್ಲಿರುವುದು ಊರು ಒಪ್ಪಿಕೊಂಡ ಕಾಲ, ತಾಯಿ ಬಲ್ಲದ್ದು ಆಕೆಯ ಜೊತೆಗೇ ನಡೆದ ಕಾಲ. ಭೌತವಿಜ್ಞಾನದಲ್ಲಿ ಮೊದಲನೆಯದನ್ನು ನಿರ್ದೇಶಾಂಕ ಕಾಲ ಎಂದೂ ಎರಡನೆಯದನ್ನು ನಿಜಕಾಲ ಎಂದೂ ಕರೆಯುತ್ತೇವೆ. ಕಾಲಯಾನದ ಬಗ್ಗೆ ಹುಟ್ಟುವ ಗೊಂದಲಗಳಲ್ಲಿ ಅರ್ಧದಷ್ಟು ಈ ಎರಡನ್ನು ಬೆರೆಸುವುದರಿಂದ ಹುಟ್ಟಿದವು.

ಇಂತಹ ಗೊಂದಲ ಹಳೆಯದು. 1522ರಲ್ಲಿ ಭೂಪ್ರದಕ್ಷಿಣೆ ಮುಗಿಸಿ ಬರುತ್ತಿದ್ದ ಮೆಗೆಲ್ಲನ್ ತಂಡದ ವಿಕ್ಟೋರಿಯಾ ಹಡಗಿನವರಿಗೆ ತಮ್ಮ ದಿನಚರಿಯಲ್ಲಿ ಬುಧವಾರವಾಗಿದ್ದರೆ ಕೇಪ್ ವರ್ಡೆ ದ್ವೀಪದವರಿಗೆ ಗುರುವಾರವಾಗಿತ್ತು! ಒಂದು ದಿನ ಎಲ್ಲಿ ಹೋಯಿತು? ಎಲ್ಲಿಗೂ ಹೋಗಲಿಲ್ಲ. ಪಶ್ಚಿಮಕ್ಕೆ ಸಾಗುತ್ತಾ ಅವರು ಪ್ರತಿಯೊಂದು ದಿನವನ್ನೂ ಸ್ವಲ್ಪ ಸ್ವಲ್ಪ ಉದ್ದಗೊಳಿಸಿಕೊಂಡಿದ್ದರು, ಹಾಗಾಗಿ ಒಂದು ಸೂರ್ಯೋದಯವನ್ನು ಕಡಿಮೆ ನೋಡಿದ್ದರು.

ಮಂಗಳೂರಿನವರಿಗೆ ಇದರ ಅನುಭವ ಮನೆಮಾತು. ಇಲ್ಲಿಂದ ದುಬೈಗೆ ವಿಮಾನದಲ್ಲಿ ಸುಮಾರು ಮೂರೂವರೆ ಗಂಟೆಯ ಪ್ರಯಾಣ. ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದೆ. ಬೆಳಗ್ಗೆ 9ಕ್ಕೆ ಹೊರಟವರು ಅಲ್ಲಿನ 11ಕ್ಕೆ ಇಳಿಯುತ್ತಾರೆ. ಹಾಗೆಂದು ಅವರ ಆಯುಸ್ಸಿನಲ್ಲಿ ಒಂದೂವರೆ ಗಂಟೆ ಉಳಿತಾಯವಾಯಿತೆ? ಇಲ್ಲ. ಹಸಿವು ಮೂರೂವರೆ ಗಂಟೆಯದೇ ಆಗಿರುತ್ತದೆ. ಆದರೆ, ನಂಬಿದರೆ ನಂಬಿ, ಅವರ ಕೈಗಡಿಯಾರಕ್ಕೆ ಇನ್ನೊಂದು ಅತಿ ಸೂಕ್ಷ್ಮವಾದ, ಆದರೆ ನೈಜವಾದ ವ್ಯತ್ಯಾಸ ಸಂಭವಿಸಿರುತ್ತದೆ. ಅದನ್ನು ತಿಳಿಯಲು ನ್ಯೂಟನ್‌ನಿಂದ ಐನ್‌ಸ್ಟೈನ್ ಕಡೆಗೆ ಬರಬೇಕು.

ಗೋಪುರವಿಲ್ಲದ ಕ್ಲಾಕ್ ಟವರ್

ಮಂಗಳೂರಿನ ಹಂಪನಕಟ್ಟೆಯ ಬಳಿ 1960ರ ದಶಕದಲ್ಲಿ ಕಟ್ಟಿದ ಗಡಿಯಾರ ಗೋಪುರವೊಂದಿತ್ತು. ರಸ್ತೆಯ ಸೌಕರ್ಯಕ್ಕಾಗಿ 1990ರ ದಶಕದಲ್ಲಿ ಅದನ್ನು ಕೆಡವಿದರು. ಇತ್ತೀಚೆಗೆ ಸ್ಮಾರ್ಟ್ ಸಿಟಿ ಯೋಜನೆಯಲ್ಲಿ ಅಲ್ಲಿ ಹೊಸ ಗೋಪುರ ಎದ್ದಿತು. ನಡುವಿನ ಎರಡು ದಶಕಗಳಿಗೂ ಹೆಚ್ಚು ಕಾಲ ಅಲ್ಲಿ ಗಡಿಯಾರವೂ ಇರಲಿಲ್ಲ, ಗೋಪುರವೂ ಇರಲಿಲ್ಲ. ಆದರೂ ಜನರ ಬಾಯಲ್ಲಿ ಆ ಸ್ಥಳದ ಹೆಸರು ‘ಕ್ಲಾಕ್ ಟವರ್’ ಎಂದೇ ಉಳಿಯಿತು.

ಗಡಿಯಾರವಿಲ್ಲದಿದ್ದರೂ ಕಾಲವಿರುತ್ತದೆಯೆ? ನ್ಯೂಟನ್ ನಿಸ್ಸಂದೇಹವಾಗಿ ‘ಹೌದು’ ಎನ್ನುತ್ತಿದ್ದ. 1687ರ ತನ್ನ ‘ಪ್ರಿನ್ಸಿಪಿಯಾ’ ಗ್ರಂಥದಲ್ಲಿ ಆತ ನಿರಪೇಕ್ಷ ಕಾಲವನ್ನು ಪ್ರತಿಪಾದಿಸಿದ. ಅದು ಯಾವ ವಸ್ತುವಿನ ಹಂಗೂ ಇಲ್ಲದೆ, ಎಲ್ಲೆಡೆಯೂ ಒಂದೇ ಸಮನೆ ಸಾಗುತ್ತದೆ. ನಮ್ಮ ಗಡಿಯಾರಗಳು ಅದನ್ನು ಅಂದಾಜಾಗಿ ಹಿಂಬಾಲಿಸುತ್ತವೆ, ಅಷ್ಟೇ. ಮದ್ರಾಸ್ ಕಾಲ, ಮುಂಬಯಿ ಕಾಲಗಳೆಲ್ಲ ಆ ಒಂದೇ ಕಾಲಕ್ಕೆ ಅಂಟಿಸಿದ ಬೇರೆ ಬೇರೆ ಚೀಟಿಗಳು.

ಐನ್‌ಸ್ಟೈನ್ 1905ರಲ್ಲಿ ಪ್ರಶ್ನೆಯನ್ನೇ ಬದಲಾಯಿಸಿದ. ದೂರದ ಎರಡು ಊರುಗಳಲ್ಲಿ ನಡೆದ ಎರಡು ಘಟನೆಗಳು ‘ಏಕಕಾಲದಲ್ಲಿ’ ನಡೆದವು ಎನ್ನುವುದನ್ನು ತಿಳಿಯುವುದು ಹೇಗೆ? ಅಲ್ಲಿಂದ ಸಂದೇಶ ಬರಬೇಕು. ಮಂಗಳೂರಿನ ಇತಿಹಾಸದಲ್ಲೇ ಇದಕ್ಕೆ ಉದಾಹರಣೆಯಿದೆ. ಸ್ವಿಟ್ಜರ್ಲೆಂಡಿನ ಬಾಸೆಲ್‌ನಿಂದ ಬಂದ ಮಿಷನ್ 1834ರಲ್ಲಿ ಇಲ್ಲಿ ನೆಲೆಯೂರಿತು. 1843ರಲ್ಲಿ ಹೆರ್ಮನ್ ಮೋಗ್ಲಿಂಗ್ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ವನ್ನು ಆರಂಭಿಸಿದ. ತಂತಿ ಇಲ್ಲದ ಆ ದಿನಗಳಲ್ಲಿ ಯೂರೋಪಿನ ಸುದ್ದಿ ಹಡಗೇರಿ ಬರಬೇಕಾಗಿತ್ತು. ಇಲ್ಲಿನ ಓದುಗನ ಪಾಲಿಗೆ ಬಾಸೆಲ್‌ನ ‘ಈಗ’ ಎಂಬುದು ಎಷ್ಟೋ ವಾರಗಳ ಹಿಂದಿನದು. ತಂತಿ ಬಂದು ಈ ಅಂತರ ಕುಗ್ಗಿತು; ಆದರೆ ಸೊನ್ನೆಯಾಗಲಿಲ್ಲ. ಯಾವ ಸಂದೇಶವೂ ಬೆಳಕಿಗಿಂತ, ಅಂದರೆ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೊಮೀಟರಿಗಿಂತ, ವೇಗವಾಗಿ ಸಾಗದು. ಬೆಳಕಿನ ವೇಗ ಎಲ್ಲ ವೀಕ್ಷಕರಿಗೂ ಒಂದೇ ಎಂದು ಒಪ್ಪಿದರೆ, ಪರಸ್ಪರ ಚಲಿಸುವ ಇಬ್ಬರು ವೀಕ್ಷಕರ ‘ಏಕಕಾಲ’ ಒಂದೇ ಆಗಿರಲು ಸಾಧ್ಯವಿಲ್ಲ. ಚಲಿಸುವ ಗಡಿಯಾರ ನಿಧಾನವಾಗಿ ನಡೆಯುವಂತೆ ಕಾಣುತ್ತದೆ. 1915ರ ಸಾರ್ವತ್ರಿಕ ಸಾಪೇಕ್ಷತಾ ಸಿದ್ಧಾಂತ ಇನ್ನೊಂದು ಮಾತು ಸೇರಿಸಿತು: ಗುರುತ್ವ ಪ್ರಬಲವಾಗಿರುವಲ್ಲಿ ಗಡಿಯಾರ ನಿಧಾನ, ದುರ್ಬಲವಾಗಿರುವಲ್ಲಿ ಚುರುಕು.

ಚೀಟಿ ಮಾತ್ರವಲ್ಲ, ಕಾಲವೇ ಸ್ಥಳದಿಂದ ಸ್ಥಳಕ್ಕೆ ಬೇರೆಯಾಯಿತು. ಪಣಂಬೂರಿನ ಕಡಲ ತೀರದಲ್ಲೊಂದು, ಸುಮಾರು 1900 ಮೀಟರ್ ಎತ್ತರದ ಕುದುರೆಮುಖ ಶಿಖರದಲ್ಲೊಂದು ಆದರ್ಶ ಗಡಿಯಾರ ಇಟ್ಟರೆ ಶಿಖರದ ಗಡಿಯಾರ ದಿನಕ್ಕೆ ಸುಮಾರು 18 ನ್ಯಾನೊಸೆಕೆಂಡ್ ಮುಂದೆ ಹೋಗುತ್ತದೆ. ನ್ಯಾನೊಸೆಕೆಂಡ್ ಎಂದರೆ ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಭಾಗ. ಇದು ಬರಿಯ ಕಾಗದದ ಲೆಕ್ಕವಲ್ಲ. 2010ರಲ್ಲಿ ಅಮೆರಿಕದ ವಿಜ್ಞಾನಿಗಳು ಕೇವಲ 33 ಸೆಂಟಿಮೀಟರ್ ಎತ್ತರದ ವ್ಯತ್ಯಾಸದಿಂದ ಗಡಿಯಾರದ ನಡೆಯಲ್ಲಾಗುವ ಬದಲಾವಣೆಯನ್ನು ಅಳೆದು ತೋರಿಸಿದರು.

ವಿಮಾನದ ಪ್ರಯಾಣಿಕನಿಗೆ ಈ ಎರಡೂ ಪರಿಣಾಮಗಳು ತಟ್ಟುತ್ತವೆ. 1971ರಲ್ಲಿ ಹಾಫೆಲ್ ಮತ್ತು ಕೀಟಿಂಗ್ ನಾಲ್ಕು ಸೀಸಿಯಂ ಗಡಿಯಾರಗಳನ್ನು ಸಾಮಾನ್ಯ ವಿಮಾನಗಳಲ್ಲಿ ಇಟ್ಟುಕೊಂಡು ಭೂಪ್ರದಕ್ಷಿಣೆ ಮಾಡಿದರು. ಪೂರ್ವಕ್ಕೆ ಹೋದಾಗ ಅವು ಸರಾಸರಿ 59 ನ್ಯಾನೊಸೆಕೆಂಡ್ ಹಿಂದೆ ಬಿದ್ದವು. ಪಶ್ಚಿಮಕ್ಕೆ ಹೋದಾಗ 273 ನ್ಯಾನೊಸೆಕೆಂಡ್ ಮುಂದೆ ಹೋದವು. ಪೂರ್ವಕ್ಕೆ ಹಾರುವಾಗ ಭೂಮಿಯ ಆವರ್ತನೆಯ ವೇಗವೂ ವಿಮಾನದ ವೇಗಕ್ಕೆ ಕೂಡಿಕೊಳ್ಳುತ್ತದೆ, ಪಶ್ಚಿಮಕ್ಕೆ ಹಾರುವಾಗ ಕಳೆಯುತ್ತದೆ. ಈ ಭೇದಕ್ಕೆ ಅದೇ ಕಾರಣ. ಇದೇ ಸೂತ್ರಗಳಿಂದ ಸ್ಥೂಲವಾಗಿ ಲೆಕ್ಕ ಹಾಕಿದರೆ, ದುಬೈಗೆ ಹೋಗಿ ಮರಳಿ ಬಂದ ಮಂಗಳೂರಿಗನ ವಯಸ್ಸು ಊರಲ್ಲೇ ಉಳಿದ ಅವನ ತಮ್ಮನಿಗಿಂತ 20 ನ್ಯಾನೊಸೆಕೆಂಡಿನಷ್ಟು ಹೆಚ್ಚಾಗಿರುತ್ತದೆ.

ಕೋಲಾರದ ಕಾಲಯಾತ್ರಿಗಳು

ಭವಿಷ್ಯಕ್ಕೆ ಹಾರುವ ಕಲ್ಪನೆ ಎಚ್.ಜಿ. ವೆಲ್ಸ್ 1895ರಲ್ಲಿ ಬರೆದ ಕಾದಂಬರಿಗಿಂತ ಬಹಳ ಹಳೆಯದು. ಭಾಗವತದಲ್ಲಿ ಕಕುದ್ಮಿ ಎಂಬ ಅರಸನ ಕಥೆಯಿದೆ. ಮಗಳು ರೇವತಿಗೆ ತಕ್ಕ ವರ ಯಾರೆಂದು ಕೇಳಲು ಆತ ಅವಳೊಂದಿಗೆ ಬ್ರಹ್ಮಲೋಕಕ್ಕೆ ಹೋಗುತ್ತಾನೆ. ಅಲ್ಲಿ ಸಂಗೀತ ನಡೆದಿದೆ, ಮುಗಿಯುವವರೆಗೆ ಕಾಯುತ್ತಾನೆ. ಅಷ್ಟರಲ್ಲಿ ಭೂಮಿಯಲ್ಲಿ 27 ಚತುರ್ಯುಗಗಳು ಕಳೆದಿರುತ್ತವೆ. ಅವನು ಮನಸ್ಸಿನಲ್ಲಿಟ್ಟುಕೊಂಡಿದ್ದ ವರರಾಗಲಿ, ಅವರ ವಂಶದವರಾಗಲಿ ಯಾರೂ ಉಳಿದಿಲ್ಲ. ಕೊನೆಗೆ ಬ್ರಹ್ಮ ಬಲರಾಮನನ್ನು ಸೂಚಿಸುತ್ತಾನೆ.

ವಿನೋದಕ್ಕಾಗಿ ಒಂದು ಲೆಕ್ಕ ಮಾಡೋಣ. ಚತುರ್ಯುಗಕ್ಕೆ 43.2 ಲಕ್ಷ ವರ್ಷ. 27 ಎಂದರೆ ಸುಮಾರು 11.7 ಕೋಟಿ ವರ್ಷ. ಸಂಗೀತ ಒಂದು ಗಂಟೆ ನಡೆಯಿತು ಎಂದುಕೊಂಡರೆ ಭೂಮಿಯ ಕಾಲಕ್ಕೂ ಅರಸನ ಕಾಲಕ್ಕೂ ಇರುವ ಅನುಪಾತ ಸುಮಾರು ಒಂದು ಲಕ್ಷ ಕೋಟಿ! ಇಂತಹ ಕಥೆಯನ್ನು ಮುಂದಿಟ್ಟು ‘ಸಾಪೇಕ್ಷತೆ ನಮ್ಮವರಿಗೆ ಮೊದಲೇ ಗೊತ್ತಿತ್ತು’ ಎನ್ನುವ ಮಾತನ್ನು ತರಗತಿಗಳಲ್ಲಿಯೂ ಕೇಳುತ್ತೇವೆ. ಕಥೆಯ ಕಲ್ಪನೆ ಭವ್ಯವಾದುದು, ಅದನ್ನು ಸವಿಯೋಣ. ಆದರೆ ಎಷ್ಟು ವೇಗಕ್ಕೆ ಎಷ್ಟು ವಿಳಂಬ ಎಂದು ಕಥೆ ಹೇಳುವುದಿಲ್ಲ, ಪರೀಕ್ಷಿಸುವ ದಾರಿಯನ್ನೂ ತೋರಿಸುವುದಿಲ್ಲ. ನಮ್ಮ ಪೂರ್ವಿಕರ ವಿಜ್ಞಾನಕ್ಕೆ ಸಾಕ್ಷಿ ಬೇಕಿದ್ದರೆ ದೇಶಾಂತರ ಸಂಸ್ಕಾರವಿದೆ. ಅದು ಅಳತೆಯಿಂದ ಬಂದದ್ದು, ಗ್ರಹಣ ನೋಡಿ ತಾಳೆ ಹಾಕಬಹುದಾದದ್ದು. ಕಥೆಗೆ ಸಲ್ಲದ ಕಿರೀಟ ತೊಡಿಸುವ ಭರದಲ್ಲಿ ಆರ್ಯಭಟನಿಗೆ ಸಲ್ಲಬೇಕಾದ ಗೌರವವನ್ನು ನಾವು ಮರೆಯುತ್ತಿದ್ದೇವೆ.

ಅಳೆಯಬಹುದಾದ ಕಕುದ್ಮಿಗಳು ಪ್ರಕೃತಿಯಲ್ಲಿ ಧಾರಾಳವಾಗಿವೆ. ಅವುಗಳ ಹೆಸರು ಮ್ಯೂಆನ್. ವಿಶ್ವಕಿರಣಗಳು ವಾಯುಮಂಡಲದ ಮೇಲ್ಪದರಗಳಿಗೆ ಬಡಿದಾಗ, ನೆಲದಿಂದ ಸುಮಾರು 15 ಕಿಲೊಮೀಟರ್ ಎತ್ತರದಲ್ಲಿ ಇವು ಹುಟ್ಟುತ್ತವೆ. ನಿಶ್ಚಲವಾಗಿರುವ ಮ್ಯೂಆನಿನ ಸರಾಸರಿ ಆಯುಸ್ಸು ಸೆಕೆಂಡಿನ ಹತ್ತು ಲಕ್ಷದಲ್ಲಿ 2.2 ಭಾಗ ಮಾತ್ರ. ಅಷ್ಟರಲ್ಲಿ ಬೆಳಕಿನ ವೇಗದಲ್ಲಿ ಓಡಿದರೂ 660 ಮೀಟರ್ ದಾಟಲಾರದು. ನ್ಯೂಟನ್‌ನ ಕಾಲವೇ ನಿಜವಾಗಿದ್ದರೆ ಸಾವಿರ ಕೋಟಿ ಮ್ಯೂಆನ್‌ಗಳಲ್ಲಿ ಒಂದೋ ಎರಡೋ ನೆಲಕ್ಕೆ ಮುಟ್ಟಬೇಕಾಗಿತ್ತು. ವಾಸ್ತವದಲ್ಲಿ ನೀವು ಅಂಗೈ ಚಾಚಿದರೆ ಸೆಕೆಂಡಿಗೆ ಒಂದರಂತೆ ಮ್ಯೂಆನ್ ಅದನ್ನು ತೂರಿಹೋಗುತ್ತದೆ. ವೇಗದಿಂದಾಗಿ ಅವುಗಳ ಗಡಿಯಾರ ನಮ್ಮ ಲೆಕ್ಕದಲ್ಲಿ ನಿಧಾನವಾಗಿದೆ, ಹಾಗಾಗಿ ಅವು ತಮ್ಮ ಆಯುಸ್ಸನ್ನು ಮೀರಿ ನಮ್ಮ ಭವಿಷ್ಯಕ್ಕೆ ಬಂದಿಳಿಯುತ್ತವೆ.

ಈ ಯಾತ್ರಿಗಳನ್ನು ಎಣಿಸಿದ ಪ್ರಸಿದ್ಧ ತಾಣಗಳಲ್ಲೊಂದು ನಮ್ಮ ಕೋಲಾರದ ಚಿನ್ನದ ಗಣಿ. ಹೋಮಿ ಭಾಭಾ ಅವರ ಪ್ರೇರಣೆಯಿಂದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ತರುಣ ವಿಜ್ಞಾನಿ, ಕರ್ನಾಟಕದವರೇ ಆದ ಬಿ.ವಿ. ಶ್ರೀಕಂಠನ್ 1950ರ ದಶಕದ ಆರಂಭದಲ್ಲಿ ಗಣಿಯ ಬೇರೆ ಬೇರೆ ಆಳಗಳಲ್ಲಿ ಮ್ಯೂಆನ್‌ಗಳನ್ನು ಅಳೆದರು. ನೆಲದೊಳಕ್ಕೆ ಬಹು ಆಳ ಇಳಿಯುವ ಮ್ಯೂಆನ್‌ಗಳ ಶಕ್ತಿ ಅಪಾರ. 1000 ಜಿಗಾ ಎಲೆಕ್ಟ್ರಾನ್‌ವೋಲ್ಟ್ ಶಕ್ತಿಯ ಮ್ಯೂಆನಿನ ಆಯುಸ್ಸು ನಮ್ಮ ಗಡಿಯಾರದಲ್ಲಿ ಒಂಬತ್ತು ಸಾವಿರ ಪಟ್ಟಿಗೂ ಹೆಚ್ಚು ಹಿಗ್ಗುತ್ತದೆ. ಈ ಪರಂಪರೆಯ ಮುಂದುವರಿಕೆಯಾಗಿ 1965ರಲ್ಲಿ, ಸುಮಾರು 2.3 ಕಿಲೊಮೀಟರ್ ಆಳದಲ್ಲಿ, ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಪತ್ತೆಯೂ ಅಲ್ಲಿ ಆಯಿತು.

ಬ್ಯಾಲಾಳಿನ ಗಡಿಯಾರ

‘ಇದೆಲ್ಲ ಕಣಗಳ ಪ್ರಪಂಚದ ಮಾತು, ನಮಗೇನು?’ ಎಂದು ಕೇಳಬಹುದು. ಬೆಂಗಳೂರಿನ ಸಮೀಪದ ಬ್ಯಾಲಾಳಿನಲ್ಲಿ ಇಸ್ರೊ ಸಂಸ್ಥೆಯ ಪಥದರ್ಶಕ ಕೇಂದ್ರ 2013ರಲ್ಲಿ ಆರಂಭವಾಯಿತು. ನಮ್ಮ ದೇಶದ ನಾವಿಕ್ ಉಪಗ್ರಹಗಳ ಕಾಲವನ್ನು ಕಾಯುವುದು ಅದರ ಮುಖ್ಯ ಕೆಲಸಗಳಲ್ಲೊಂದು. ಈ ಉಪಗ್ರಹಗಳು ಸುಮಾರು 36,000 ಕಿಲೊಮೀಟರ್ ಎತ್ತರದಲ್ಲಿವೆ. ಪ್ರತಿಯೊಂದರಲ್ಲಿಯೂ ಪರಮಾಣು ಗಡಿಯಾರಗಳಿವೆ. ಅಲ್ಲಿ ಗುರುತ್ವ ದುರ್ಬಲವಾದ್ದರಿಂದ ಗಡಿಯಾರ ದಿನಕ್ಕೆ ಸುಮಾರು 51 ಮೈಕ್ರೊಸೆಕೆಂಡ್ ಮುಂದೆ ಹೋಗುತ್ತದೆ. ಉಪಗ್ರಹದ ವೇಗದಿಂದ ಸುಮಾರು 4.5 ಮೈಕ್ರೊಸೆಕೆಂಡ್ ಹಿಂದೆ ಬೀಳುತ್ತದೆ. ಉಳಿಯುವ ಅಂತರ ದಿನಕ್ಕೆ ಸುಮಾರು 46.5 ಮೈಕ್ರೊಸೆಕೆಂಡ್.

ಇಷ್ಟನ್ನು ಅಲಕ್ಷಿಸಿದರೆ ಏನಾಗುತ್ತದೆ? ಆ ಅವಧಿಯಲ್ಲಿ ಬೆಳಕು ಸುಮಾರು 14 ಕಿಲೊಮೀಟರ್ ಸಾಗುತ್ತದೆ. ದೂರದ ಲೆಕ್ಕದಲ್ಲಿ ದಿನವೊಂದಕ್ಕೆ ಅಷ್ಟು ತಪ್ಪು ಸೇರುತ್ತಾ ಹೋದರೆ, ಮಲ್ಪೆಯಿಂದಲೋ ಮಂಗಳೂರಿನ ಧಕ್ಕೆಯಿಂದಲೋ ಕಡಲಿಗಿಳಿದ ಮೀನುಗಾರನಿಗೆ ಆ ಸಂಕೇತದಿಂದ ದಡದ ದಿಕ್ಕು ತಿಳಿಯದು. 2016ರಲ್ಲಿ ಈ ಸರಣಿಯ ಮೊದಲ ಉಪಗ್ರಹದ ಮೂರೂ ರುಬಿಡಿಯಂ ಗಡಿಯಾರಗಳು ಕೆಟ್ಟಾಗ ಉಪಗ್ರಹ ಜೀವಂತವಾಗಿದ್ದರೂ ಸ್ಥಾನ ತಿಳಿಸುವ ಕೆಲಸಕ್ಕೆ ಬಾರದಾಯಿತು. 2023ರ ಮೇ 29ರಂದು ಹಾರಿದ ಉಪಗ್ರಹದಲ್ಲಿ ಭಾರತದಲ್ಲೇ ತಯಾರಾದ ರುಬಿಡಿಯಂ ಗಡಿಯಾರ ಮೊದಲ ಬಾರಿಗೆ ಅಂತರಿಕ್ಷ ಸೇರಿತು. ಆರ್ಯಭಟನ ಕಾಲದ ದೇಶಾಂತರ ಸಂಸ್ಕಾರ ಪೂರ್ವ-ಪಶ್ಚಿಮಗಳಿಗೆ ಸಂಬಂಧಿಸಿದ್ದಾದರೆ, ಬ್ಯಾಲಾಳಿನದು ಎತ್ತರ ಮತ್ತು ವೇಗಗಳಿಗೆ ಸಂಬಂಧಿಸಿದ ಸಂಸ್ಕಾರ. ಆದರೆ ಭೇದವೊಂದಿದೆ. ಮೊದಲನೆಯದರಲ್ಲಿ ತಿದ್ದುವುದು ಗಡಿಯಾರದ ಚೀಟಿಯನ್ನು. ಎರಡನೆಯದರಲ್ಲಿ ನಿಜವಾಗಿಯೇ ಬೇರೆ ಗತಿಯಲ್ಲಿ ನಡೆದ ಕಾಲವನ್ನು.

ಒಡೆದ ಹೆಂಚು ಕೂಡೀತೆ?

ಹಾಗಾದರೆ ಭವಿಷ್ಯದ ಕಡೆಗೆ ಕಾಲಯಾನ ತತ್ತ್ವಶಃ ಸಾಧ್ಯ. ಅತಿವೇಗದ ಅಂತರಿಕ್ಷ ನೌಕೆ ಇರಬೇಕು, ಇಲ್ಲವೆ ಕೃಷ್ಣವಿವರವೊಂದರ ಸಮೀಪ ಸ್ವಲ್ಪ ಕಾಲ ಸುತ್ತಿ ಬರಬೇಕು. ಕೃಷ್ಣವಿವರದ ಮಾತು ಬಂದಾಗ ಬೆಂಗಳೂರಿನ ಸಿ.ವಿ. ವಿಶ್ವೇಶ್ವರ ಅವರನ್ನು ನೆನೆಯಬೇಕು. ಕಲಕಿದ ಕೃಷ್ಣವಿವರವು ಬಡಿದ ಗಂಟೆಯಂತೆ ಕಂಪಿಸಿ ಶಾಂತವಾಗುತ್ತದೆ ಎಂದು ಅವರು 1970ರಲ್ಲಿ ಲೆಕ್ಕದಿಂದ ತೋರಿಸಿದರು. 2015ರಲ್ಲಿ ಮೊದಲ ಬಾರಿಗೆ ಪತ್ತೆಯಾದ ಗುರುತ್ವ ತರಂಗದ ಕೊನೆಯಲ್ಲಿ ಇದ್ದದ್ದು ಅಂತಹ ನಾದವೇ. ಬೆಂಗಳೂರಿನ ಜವಾಹರಲಾಲ್ ನೆಹರು ತಾರಾಲಯವನ್ನು ಕಟ್ಟಿ ಬೆಳೆಸಿದ ಅವರು 2017ರಲ್ಲಿ ತೀರಿಕೊಂಡರು. ತಮ್ಮ ಲೆಕ್ಕ ನಿಜವಾದುದನ್ನು ಕೇಳುವ ಭಾಗ್ಯ ಅವರಿಗೆ ದೊರೆತಿತ್ತು.

ಭೂತಕಾಲದ ಕಡೆಗೆ ಯಾನ ಮಾತ್ರ ಬೇರೆಯೇ ಸಮಸ್ಯೆ. ಗೋಡೆಲ್ ಎಂಬ ತರ್ಕಶಾಸ್ತ್ರಜ್ಞ 1949ರಲ್ಲಿ ಐನ್‌ಸ್ಟೈನ್ ಸಮೀಕರಣಗಳಿಗೆ ವಿಚಿತ್ರ ಪರಿಹಾರವೊಂದನ್ನು ಕಂಡುಹಿಡಿದ. ಆವರ್ತಿಸುವ ವಿಶ್ವವೊಂದರಲ್ಲಿ ಮುಂದೆ ಮುಂದೆ ಹೋಗುತ್ತಲೇ ತನ್ನ ಗತಕಾಲಕ್ಕೆ ಮರಳುವ ಪಥಗಳು ಇರಬಹುದು. ಆದರೆ ನಮ್ಮ ವಿಶ್ವ ಹಾಗೆ ಆವರ್ತಿಸುತ್ತಿರುವ ಲಕ್ಷಣ ಕಂಡುಬಂದಿಲ್ಲ. ಹಿಂದಕ್ಕೆ ಹೋದವನು ತನ್ನ ಅಜ್ಜನ ಮದುವೆಯನ್ನೇ ತಪ್ಪಿಸಿದರೆ ಹಿಂದಕ್ಕೆ ಹೋದವನು ಯಾರು? ಇಂತಹ ವಿರೋಧಾಭಾಸಗಳಿಗೆ ಎಡೆ ಕೊಡದಂತೆ ಭೌತನಿಯಮಗಳೇ ತಡೆಯೊಡ್ಡುತ್ತವೆ ಎಂದು ಸ್ಟೀಫನ್ ಹಾಕಿಂಗ್ 1992ರಲ್ಲಿ ಊಹಿಸಿದರು. ಇದು ಊಹೆ, ಇನ್ನೂ ಸಿದ್ಧವಾದ ಪ್ರಮೇಯವಲ್ಲ. 2009ರ ಜೂನ್ 28ರಂದು ಅವರು ಕಾಲಯಾತ್ರಿಗಳಿಗಾಗಿ ಔತಣವೊಂದನ್ನು ಏರ್ಪಡಿಸಿ, ಆಮಂತ್ರಣವನ್ನು ಔತಣ ಮುಗಿದ ಮೇಲೆ ಪ್ರಕಟಿಸಿದರು. ಯಾರೂ ಬರಲಿಲ್ಲ.

ಕಾಲದ ದಿಕ್ಕಿಗೆ ಇನ್ನೊಂದು ಸಾಕ್ಷಿ ನಮ್ಮ ಮಾಡಿನ ಮೇಲೇ ಇದೆ. ಜೆಪ್ಪುವಿನಲ್ಲಿ 1860ರ ದಶಕದಲ್ಲಿ ಬಾಸೆಲ್ ಮಿಷನ್ ಆರಂಭಿಸಿದ ಕಾರ್ಖಾನೆಯಿಂದ ಮಂಗಳೂರು ಹೆಂಚು ಲೋಕಪ್ರಸಿದ್ಧವಾಯಿತು. ಕೈತಪ್ಪಿ ಬಿದ್ದ ಹೆಂಚು ಹತ್ತಾರು ಚೂರಾಗುತ್ತದೆ. ಚೂರುಗಳು ತಾವಾಗಿ ಕೂಡಿಕೊಂಡು ಹೆಂಚಾಗಿ ಮೇಲಕ್ಕೆ ಹಾರಿದ್ದನ್ನು ಕಂಡವರಿಲ್ಲ. ಚಲನೆಯ ಮೂಲಸಮೀಕರಣಗಳು ಇದನ್ನು ನಿಷೇಧಿಸುವುದಿಲ್ಲ ಎಂಬುದೇ ಸೋಜಿಗ. ಹತ್ತೊಂಬತ್ತನೆಯ ಶತಮಾನದಲ್ಲಿ ಬೋಲ್ಟ್ಸ್‌ಮನ್ ನೀಡಿದ ವಿವರಣೆ ಇದು: ಹೆಂಚು ಇಡಿಯಾಗಿರುವ ಬಗೆಗಳು ಕೆಲವು, ಚೂರಾಗಿರುವ ಬಗೆಗಳು ಲೆಕ್ಕವಿಲ್ಲದಷ್ಟು. ಆದ್ದರಿಂದ ವ್ಯವಸ್ಥೆ ಕ್ರಮದಿಂದ ಅಕ್ರಮದತ್ತ ಸಾಗುತ್ತದೆ, ಎಂಟ್ರಪಿ ಏರುತ್ತದೆ. ಏರುವ ದಿಕ್ಕನ್ನು ನಾವು ‘ಮುಂದೆ’ ಎನ್ನುತ್ತೇವೆ. ನಮ್ಮ ನೆನಪುಗಳೂ ಅದೇ ದಿಕ್ಕಿನಲ್ಲಿ ಬರೆಯಲ್ಪಡುತ್ತವೆ.

ತರಗತಿಗೊಂದು ಪ್ರಯೋಗ

ಇಷ್ಟೆಲ್ಲದರ ಆರಂಭವನ್ನು ವಿದ್ಯಾರ್ಥಿಗಳು ಖರ್ಚಿಲ್ಲದೆ ಅಳೆಯಬಹುದು. ಮಂಗಳೂರಿನ ಒಂದು ಶಾಲೆ, ಕೋಲಾರ ಚಿನ್ನದ ಗಣಿ ಪ್ರದೇಶದ ಒಂದು ಶಾಲೆ ಜೊತೆಗೂಡಲಿ. ಮೋಡವಿಲ್ಲದ ಒಂದೇ ದಿನ ಎರಡೂ ಕಡೆ ಕೋಲು ನೆಟ್ಟು, ಅದರ ಬುಡವನ್ನು ಕೇಂದ್ರವಾಗಿಸಿ ಒಂದು ವೃತ್ತ ಎಳೆಯಿರಿ. ಬೆಳಗ್ಗೆ ನೆರಳಿನ ತುದಿ ವೃತ್ತವನ್ನು ಮುಟ್ಟುವ ವೇಳೆಯನ್ನೂ ಅಪರಾಹ್ನ ಮತ್ತೆ ಮುಟ್ಟುವ ವೇಳೆಯನ್ನೂ ಬರೆದಿಡಿ. ಎರಡರ ನಡುಬಿಂದುವೇ ಆ ಊರಿನ ನಿಜವಾದ ಮಧ್ಯಾಹ್ನ. ಸಂಜೆ ದೂರವಾಣಿಯಲ್ಲಿ ತಾಳೆ ನೋಡಿದರೆ ಕೋಲಾರದವರ ಮಧ್ಯಾಹ್ನ ಸುಮಾರು 14 ನಿಮಿಷ ಮೊದಲೇ ಆಗಿರುತ್ತದೆ. ಅದನ್ನು 4ರಿಂದ ಭಾಗಿಸಿದರೆ ರೇಖಾಂಶದ ಅಂತರ, ಅಂದರೆ ಸುಮಾರು 3.4 ಡಿಗ್ರಿ, ದೊರೆಯುತ್ತದೆ. ಹದಿನೈದು ಶತಮಾನಗಳ ಹಿಂದಿನ ದೇಶಾಂತರ ಸಂಸ್ಕಾರವನ್ನು ಮಕ್ಕಳು ತಮ್ಮ ಕೈಯಾರೆ ಮಾಡಿದಂತಾಯಿತು.

ಆಗ ಮಕ್ಕಳನ್ನು ಕೇಳಿ: ಈ 14 ನಿಮಿಷ ಎಂತಹ ವ್ಯತ್ಯಾಸ? ಚೀಟಿಯದೋ ಕಾಲದ್ದೋ? ಅದು ಚೀಟಿಯದು ಎಂದು ಅವರು ಗುರುತಿಸಿದರೆ, ಕೋಲಾರದ ಪಟ್ಟಣ ಮಂಗಳೂರಿಗಿಂತ ಸುಮಾರು 850 ಮೀಟರ್ ಎತ್ತರದಲ್ಲಿದೆ ಎಂಬುದನ್ನು ನೆನಪಿಸಿ. ಅಲ್ಲಿನ ಗಡಿಯಾರ ದಿನಕ್ಕೆ ಸುಮಾರು 8 ನ್ಯಾನೊಸೆಕೆಂಡ್ ಚುರುಕು. ಕೋಲು-ನೆರಳುಗಳಿಗೆ ಎಂದೂ ಸಿಗದ ಆ 8 ನ್ಯಾನೊಸೆಕೆಂಡ್ ಮಾತ್ರ ನಿಜವಾದ ಕಾಲದ ವ್ಯತ್ಯಾಸ. ಈ ಭೇದವನ್ನು ಅರಿತ ವಿದ್ಯಾರ್ಥಿ ಕಾಲಯಾನದ ಚಲನಚಿತ್ರವನ್ನು ಮೊದಲಿಗಿಂತ ಹೆಚ್ಚು ಖುಷಿಯಿಂದ ನೋಡಬಲ್ಲ. ಎಲ್ಲಿ ಭೌತವಿಜ್ಞಾನ ಮುಗಿದು ಕಥೆ ಶುರುವಾಯಿತು ಎಂದೂ ಹೇಳಬಲ್ಲ.